ಡಬ್ಬಿಯೊಳಗಿನ ಚಮಚ

ಊರಿನ ಬೈಕುಗಳನ್ನೆಲ್ಲ ಜಲಪಾತದವರೆಗೆ ಓಡುವಂತೆ ರಿಪೇರಿ ಮಾಡಿಕೊಟ್ಟ ಮೆಕ್ಯಾನಿಕ್ ತಾನು ಮಾತ್ರ ಒಮ್ಮೆಯೂ ಆ ಕಡೆ ತಲೆ ಹಾಕಿರಲಿಲ್ಲ. ಕೊನೆಗೆ ಒಂದು ಭಾನುವಾರ ಹೆಂಡತಿಯೇ ಗ್ಯಾರೇಜಿನ ಕೀಲಿಕೈ ಕಿತ್ತುಕೊಂಡು, ಹೆಗಲಿಗೆ ಊಟದ ಚೀಲ ಹಾಕಿಕೊಂಡು ಹಿಂದಿನ ಸೀಟು ಹತ್ತಿ ಕೂತಳು.

ಜೋಳದ ಹೊಲ ದಾಟುವಷ್ಟರಲ್ಲಿ ಅವನ ಕಿವಿ ನೆಟ್ಟಗಾಯಿತು. ಎಲ್ಲೋ ಕಟಕಟ ಸದ್ದು! ಗಾಡಿ ನಿಲ್ಲಿಸಿ ಚೈನು ನೋಡಿದ, ಸರಿಯಾಗಿಯೇ ಇತ್ತು. ಸೂರ್ಯಕಾಂತಿ ಹೊಲದ ಬಳಿ ಮತ್ತೆ ನಿಲ್ಲಿಸಿ ನಟ್ಟು ಬೋಲ್ಟು ಬಿಗಿ ಮಾಡಿದ. ನಿಂತರೆ ಸದ್ದಿಲ್ಲ, ಹೊರಟರೆ ಶುರು.

"ಇವತ್ತೊಂದಿನ ಆದ್ರೂ ಆ ಗಾಡಿ ಬಿಟ್ಟು ನನ್ ಕಡೆ ನೋಡ್ರೀ," ಎಂದು ಹೆಂಡತಿ ಗದರಿದಳು.

ಜಲಪಾತದೆದುರು ಊಟಕ್ಕೆ ಕೂತಾಗ ಗುಟ್ಟು ಬಯಲಾಯಿತು. ಅವಳು ಚೀಲದಿಂದ ತೆಗೆದ ಸ್ಟೀಲ್ ಡಬ್ಬಿಯೊಳಗೆ ಚಮಚ ಕಟಕಟ ಎಂದಿತು. ಮದುವೆಯಾದಾಗಿನಿಂದ ದಿನಾ ಮಧ್ಯಾಹ್ನ ಆ ಸದ್ದು ಗ್ಯಾರೇಜಿನ ಬಾಗಿಲಿಗೆ ಬಂದರೆ ಸಾಕು, ಅವನು ಕೈ ತೊಳೆಯಲು ಏಳುತ್ತಿದ್ದ. ಹೊತ್ತು ಹೊತ್ತಿಗೆ ಅನ್ನ ತಂದ ಸದ್ದನ್ನೇ ಇಂಜಿನ್ನಿನ ಕಾಯಿಲೆ ಅಂದುಕೊಂಡಿದ್ದನಲ್ಲ, ಪುಣ್ಯಾತ್ಮ! ನೀರಿನ ಭೋರ್ಗರೆತವನ್ನೂ ಮೀರಿ ಅವಳು ನಕ್ಕಳು.

ವಾಪಸು ಹೊರಡುವಾಗ ಅವಳು ಚಮಚವನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು. ಗಾಡಿ ತಣ್ಣಗೆ ಓಡಿತು. ಸೂರ್ಯಕಾಂತಿ ಹೊಲದ ಹತ್ತಿರ ಅವನು ಗಕ್ಕನೆ ಬ್ರೇಕ್ ಹಾಕಿದ.

"ಮತ್ತೇನ್ರೀ ಆಯ್ತು?"

"ಆ ಚಮಚದ ಬಟ್ಟೆ ಬಿಚ್ಚಿಬಿಡೇ. ಸದ್ದಿಲ್ದೆ ಹೋದ್ರೆ ಹಿಂದೆ ನೀನು ಇಲ್ವೇನೋ ಅನ್ಸುತ್ತೆ."

ಅವಳು ಕರವಸ್ತ್ರ ಬಿಚ್ಚಿ ಚಮಚವನ್ನು ಮತ್ತೆ ಡಬ್ಬಿಗೆ ಹಾಕಿದಳು. ಮನೆ ಮುಟ್ಟುವ ತನಕ ಚಮಚ ಕಟಕಟ ಎನ್ನುತ್ತಲೇ ಇತ್ತು. ಮೆಕ್ಯಾನಿಕ್ ಎಲ್ಲೂ ಗಾಡಿ ನಿಲ್ಲಿಸಲಿಲ್ಲ.