ಜ್ವರ ಅಲ್ಲ, ಉಷ್ಣ

ಕೊರೊನಾ ಎರಡನೇ ಸಲ ಊರೊಳಗೆ ನುಗ್ಗಿದಾಗ ನಮ್ಮ ಮನೆಗೆ ಡಾಕ್ಟರು ನಾನೇ ಆಗಿದ್ದೆ. ಕೆ.ಆರ್. ನಗರದ ಮೆಡಿಕಲ್ ಸ್ಟೋರಿನಿಂದ ಜಿಂಕ್ ಮಾತ್ರೆ, ವಿಟಮಿನ್ ಸಿ ಮಾತ್ರೆ, ವಾರಕ್ಕೊಮ್ಮೆ ಹಾಲಿಗೆ ಹಾಕಿ ಕುಡಿಯುವ ವಿಟಮಿನ್ ಡಿ ಪುಡಿ ಎಲ್ಲವನ್ನೂ ತರಿಸಿದ್ದೆ. ಇವಿಷ್ಟು ಹೊಟ್ಟೆಗೆ ಬಿದ್ದರೆ ರೋಗ ನಮ್ಮ ಹೊಸಿಲು ದಾಟುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಅಂದುಕೊಂಡೆ, ಅಂದುಕೊಂಡದ್ದನ್ನು ಅಕ್ಕಪಕ್ಕದವರಿಗೂ ಸಾರಿದೆ.

ನಮ್ಮ ಯಜಮಾನರಿಗೆ ಮಾತ್ರೆ ಕಂಡರೆ ಆಗುತ್ತಿರಲಿಲ್ಲ. ಚುಂಚನಕಟ್ಟೆಯ ನಾಲೆ ನೀರಿನ ಗದ್ದೆಯಲ್ಲಿ ದುಡಿಯುವ ಮೈ, ಅದಕ್ಕೆ ಮುದ್ದೆ ಸಾಲದೇ ಎನ್ನುವವರು. ಜಿಂಕ್ ನುಂಗಿದರೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಇದು ಬಲು ಉಷ್ಣ ಎಂದು ಗೊಣಗುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಊಟದ ತಟ್ಟೆಯ ಪಕ್ಕ ಮಾತ್ರೆ ಇಟ್ಟು, ನುಂಗಿ ನೀರು ಕುಡಿಯುವವರೆಗೂ ಎದುರಿಗೇ ನಿಂತಿರುತ್ತಿದ್ದೆ. ಎಂಥ ಹಟಮಾರಿ ಎಂದು ನಗುತ್ತಿದ್ದರು.

ಎರಡು ವಾರ ಕಳೆದಿರಬಹುದು. ಒಂದು ಬೆಳಗ್ಗೆ ಅವರ ಮೈ ಸುಡುತ್ತಿತ್ತು, ಕಣ್ಣು ಕೆಂಪಾಗಿತ್ತು. ನಿನ್ನ ಮಾತ್ರೆಯಿಂದಲೇ ಉಷ್ಣ ಏರಿದೆ ಎಂದರು. ದಿನವೂ ಜಗಳಕ್ಕೆ ನಿಲ್ಲುತ್ತಿದ್ದ ನಾನು ಅವತ್ತು ತೆಪ್ಪಗೆ ಒಪ್ಪಿಕೊಂಡೆ. ಒಳಗೊಳಗೇ ಸಮಾಧಾನವೂ ಆಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಉಷ್ಣವಾದರೆ ಇಳಿಸಬಹುದಲ್ಲ. ಮಾತ್ರೆ ನಿಲ್ಲಿಸಿದೆ. ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕಿ, ನೀರುಮಜ್ಜಿಗೆ ಕುಡಿಸಿದೆ.

ಮಾರನೆಯ ದಿನ ಆಶಾ ಕಾರ್ಯಕರ್ತೆ ಬಂದಳು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಮೆಷಿನ್ನು ಅವಳ ಕೈಯಲ್ಲಿತ್ತು. ಯಜಮಾನರು ಒಳಗೆ ನಿದ್ದೆ ಹೋಗಿದ್ದರು. ಅವಳು ಜಗುಲಿ ಹತ್ತದೆ ಅಂಗಳದಲ್ಲೇ ನಿಂತು ಕೇಳಿದಳು.

“ಅಕ್ಕ, ಮನೇಲಿ ಯಾರ್ಗಾದ್ರೂ ಜ್ವರ ಅದಾ?”

“ಜ್ವರ ಅಲ್ಲ ಕಣವ್ವ, ಮಾತ್ರೆ ಉಷ್ಣ ಅಷ್ಟೆಯ,” ಎಂದೆ.

ಸುಳ್ಳು ಹೇಳಿದೆ ಅನ್ನಿಸಲಿಲ್ಲ. ನಮ್ಮ ಕಡೆ ಉಷ್ಣವೇ ಬೇರೆ, ಜ್ವರವೇ ಬೇರೆ. ಅವಳು ನನ್ನನ್ನು ಒಮ್ಮೆ ಅನುಮಾನದಿಂದ ನೋಡಿ, ಪುಸ್ತಕದಲ್ಲಿ ಏನೋ ಗೀಚಿಕೊಂಡು ಪಕ್ಕದ ಮನೆಗೆ ಹೋದಳು.

ಎರಡು ದಿನ ಬಿಟ್ಟು ನೋಡಿದರೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಅವರಿಗೆ ಏದುಸಿರು. ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆ. ಎಷ್ಟು ದಿನದಿಂದ ಜ್ವರ ಎಂದು ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಕೇಳಿದರು. ಉಷ್ಣದ ಕಥೆಯನ್ನೆಲ್ಲ ಹೇಳಿದೆ. ಜಿಂಕ್ ಮಾತ್ರೆಗೆ ಮೈ ಹೀಗೆ ಸುಡುವುದಿಲ್ಲ, ಅದು ಈ ರೋಗವನ್ನು ತಡೆಯುತ್ತದೆ ಎಂಬ ಭರವಸೆಯೂ ಇಲ್ಲ, ಮೊದಲ ದಿನವೇ ತೋರಿಸಬೇಕಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ಟ್ರೆಚರಿನ ಮೇಲೆ ವಾರ್ಡಿನೊಳಕ್ಕೆ ತಳ್ಳಿಕೊಂಡು ಹೋಗುವಾಗ ಯಜಮಾನರು ನನ್ನ ಮುಖ ನೋಡಿ ಮಾಸ್ಕು ಸರಿಸಿದರು.

“ಅಳ್ಬೇಡ ಕಣಮ್ಮಿ. ನೀನು ಒಳ್ಳೇದಕ್ಕೇ ಕೊಟ್ಟೆ. ನನ್ ಮೈಗೆ ಆ ಮಾತ್ರೆ ಒಗ್ಗಲಿಲ್ಲ, ಬುಡು.”

ಇದು ಮಾತ್ರೆಯಿಂದ ಆದದ್ದಲ್ಲ, ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯನ್ನು ನಾನೇ ವಾಪಸು ಕಳಿಸಿದೆ ಎಂದು ಆಗಲೇ ಹೇಳಬೇಕಿತ್ತು. ಅವರ ಮಾಸ್ಕು ಸರಿಮಾಡಿದೆ, ಅಷ್ಟೆ. ಆಮೇಲೆ ನಮ್ಮನ್ನು ಒಳಗೆ ಬಿಡಲಿಲ್ಲ. ಆರನೆಯ ದಿನ ಅವರು ಆ ಮಾತ್ರೆಯನ್ನೇ ದೂರಿಕೊಂಡು, ನನ್ನನ್ನು ಕ್ಷಮಿಸಿ ಹೋದರು.