ಬೇರಿನ ಮನೆಯವರು

ಮಣ್ಣು ಪರೀಕ್ಷೆಯ ನಮ್ಮ ಲ್ಯಾಬಿನ ಬೇರಕ್ಕನ ಮುಂದೆ ಬರೀ ಮಣ್ಣು ತಂದಿಟ್ಟವರಿಗೆ ಬೈಗುಳ ತಪ್ಪಿದ್ದಲ್ಲ: "ಬೇರೆಲ್ಲಿ? ಮನೆಯವರನ್ನ ಬಿಟ್ಟು ಗೋಡೆ ಮಾತ್ರ ತಂದಿದೀರಲ್ಲ!" ಬೇರು ಸಿಕ್ಕಿತೋ, ಮಗುವಿನ ತಲೆ ಒರೆಸುವಷ್ಟು ಮೆತ್ತಗೆ ಕೊಡವುತ್ತಾರೆ, ಉದುರಿದ ಮಣ್ಣು ಬೀದಿಯದು, ಅಂಟಿಕೊಂಡದ್ದು ಸಂಸಾರದ್ದು. ಆ ಸಂಸಾರದ ಸೂಕ್ಷ್ಮಜೀವಿಗಳ ಮಾತು ಬಂದರೆ ಬೀಗರನ್ನು ಹೊಗಳುವ ಧಾಟಿ: "ಬೇರು ಇವಕ್ಕೆ ಸಕ್ಕರೆ ಕೊಡುತ್ತೆ, ಇವು ಬೇರಿಗೆ ಗೊಬ್ಬರ ಕರಗಿಸಿ ಕೊಡ್ತವೆ. ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರಲ್ಲ, ಇಲ್ಲಿ ಉಪ್ಪೇ ಇವುಗಳ ಮೈನೀರು ಕುಡಿದುಬಿಡುತ್ತೆ!" ಉಪ್ಪಿನ ಮೇಲಿನ ಆ ಸಿಟ್ಟಿಗೆ ಮನೆಯ ಅಡುಗೆಯೂ ಸಪ್ಪೆ, ಅವರ ಯಜಮಾನರು ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಊಟಕ್ಕೆ ಕೂರುತ್ತಾರೆ. ಹೊಲದ ಮೇಲೆಲ್ಲ ಬಿಳಿ ಉಪ್ಪು ಕಟ್ಟಿದ ರೈತ "ಮಣ್ಣು ಸತ್ತೋಯ್ತಕ್ಕ" ಎಂದಾಗ ಮಾತ್ರ ಬೈಯುವುದಿಲ್ಲ. ಅವನು ತಂದ ಬೇರಿನ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು, "ನೀವೇ ನೋಡಿ ಹೇಳಿ" ಎಂದು ಅವನನ್ನೇ ಕೂರಿಸುತ್ತಾರೆ. "ಅಲ್ಲೊಂದು ಇಲ್ಲೊಂದು ಏನೋ ಓಡಾಡ್ತಿದೆ." "ಹಾಗಾದ್ರೆ ಸತ್ತಿಲ್ಲ. ಬಸಿಗಾಲುವೆ ತೋಡಿ, ಉಪ್ಪು ತೊಳೆದು ಹೋಗಲಿ. ಉಳಿದವರು ಸಂಸಾರ ಬೆಳೆಸ್ತಾರೆ." ರೈತರಿಗೆ ನಂಬಿಕೆ ಬರಲೆಂದು ಹೀಗೆ ತೋರಿಸುತ್ತಾರೆಂದೇ ನಾವೆಲ್ಲ ತಿಳಿದಿದ್ದೆವು, ಅಷ್ಟು ಸಣ್ಣದನ್ನು ಕಾಣುವ ದೃಷ್ಟಿ ಬೇರಕ್ಕನಿಗೇ ಉಳಿದಿಲ್ಲವೆಂದು ಯಜಮಾನರು ಹೇಳಿದ ಮೇಲೆ ಗೊತ್ತಾಯಿತು. ಈಗಲೂ ಯಾರಾದರೂ "ಓಡಾಡ್ತಿದೆ" ಎಂದರೆ ಸಾಕು, ಬೇರಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ: "ಯಾವ ಕಡೆ? ಬೇರಿನ ಕಡೆಗಾ?"