ಲಾರಿಗೆ ಮೂರು ಸುತ್ತು ಹಾಕುವ ರಖಮಾಬಾಯಿ

ಬಿಸಿಲು ಇನ್ನೂ ಏರಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಗುಜರಿ ಅಂಗಳದ ಗೇಟಿನಲ್ಲಿ ತುಕ್ಕು ಕಬ್ಬಿಣ ತುಂಬಿದ ಲಾರಿ ನಿಂತಿದೆ. ಅದರ ಸುತ್ತ ಒಬ್ಬ ಹೆಂಗಸು ನಡೆಯುತ್ತಿದ್ದಾರೆ. ಎದೆಯ ಮೇಲೊಂದು ಬಿಲ್ಲೆ, ಕೈಯಲ್ಲೊಂದು ಹಳದಿ ಪೆಟ್ಟಿಗೆ. ಪೆಟ್ಟಿಗೆ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತದೆ. ಚಕ್ರದ ಮಟ್ಟಕ್ಕೆ ಒಂದು ಸುತ್ತು, ಎದೆಯ ಮಟ್ಟಕ್ಕೆ ಒಂದು, ಕೋಲಿಗೆ ಕಟ್ಟಿ ಎತ್ತಿ ಹಿಡಿದು ಮೇಲೊಂದು.

"ಮಾವಶಿ, ಗುಡಿ ಸುತ್ತಿದಂಗ ಸುತ್ತಾಕತ್ತಿ. ಲಾರಿಗೆ ಕಾಯಿನೂ ಒಡೀತಿಯೇನು?" ಡ್ರೈವರ್ ಕಿಚಾಯಿಸುತ್ತಾನೆ.

"ಒಡೀತೀನಿ. ನೀ ಮೊದಲ ಕೆಳಗ ಇಳಿ."

ರಖಮಾಬಾಯಿಗೆ ಐವತ್ತೆರಡು. ಊರು ಅಕ್ಕಲಕೋಟ ತಾಲ್ಲೂಕಿನ ತಡವಳ. ಮೊದಲ ಬಸ್ಸಿಗೇ ಬಂದುಬಿಡುತ್ತಾರೆ. ದಿನಕ್ಕೆ ಹನ್ನೆರಡು ಲಾರಿ, ನಲವತ್ತರ ಮೇಲೆ ಟೆಂಪೊ, ತಳ್ಳುಗಾಡಿಗಳಂತೂ ಕೇಳಲೇಬೇಡಿ. ಆಸ್ಪತ್ರೆ, ಕಾರ್ಖಾನೆಗಳ ಹಳೆಯ ಯಂತ್ರದಲ್ಲಿ ವಿಕಿರಣದ ತುಣುಕೊಂದು ಅಪ್ಪಿತಪ್ಪಿ ಉಳಿದಿದ್ದರೆ ಅದನ್ನು ಗೇಟಿನಲ್ಲೇ ಹಿಡಿಯುವುದು ಈಕೆಯ ಕೆಲಸ. ಇವರು ಕೈ ಬೀಸುವ ತನಕ ಯಾವ ಗಾಡಿಯೂ ತೂಕದ ಕಟ್ಟೆ ಹತ್ತುವಂತಿಲ್ಲ.

ಎರಡು ವರ್ಷದ ಹಿಂದೆ ವಿಕಿರಣ ಅಳೆಯುವ ಈ ಪೆಟ್ಟಿಗೆ ಇಲ್ಲಿರಲಿಲ್ಲ. ಆಗ ರಖಮಾಬಾಯಿ ಇಲ್ಲಿ ಕಸ ಗುಡಿಸುತ್ತಿದ್ದರು, ಗಂಡ ಕಾಶಪ್ಪ ತೂಕ ಹಾಕುತ್ತಿದ್ದರು. ಅಂಗಳಕ್ಕೊಂದು ಪದ್ಧತಿ ಇದೆ. ಬೆಳಗ್ಗೆ ಮೊದಲು ಬಂದ ಮಾಲು ಬೋಣಿ. ಅದರಿಂದ ಒಂದು ತುಂಡು ಎತ್ತಿ, ಕಣ್ಣಿಗೊತ್ತಿಕೊಂಡು, ಗೋಡೆಯ ಗೂಡಿನಲ್ಲಿ ದೇವರ ಫೋಟೊದ ಮುಂದೆ ಇಟ್ಟು ಕುಂಕುಮ ಹಚ್ಚಬೇಕು. ಮರುದಿನ ಅದನ್ನು ತೆಗೆದು ಹೊಸದು ಇಡಬೇಕು.

ಒಂದು ದಿನ ಬೋಣಿಗೆ ಬಂದದ್ದು ಒಂದು ಸೀಸದ ಡಬ್ಬಿ. ಮುಚ್ಚಳ ಸಡಿಲವಾಗಿತ್ತು, ಒಳಗೆ ಬೆರಳ ಗಾತ್ರದ ಹೊಳೆಯುವ ತುಂಡು. ಕಾಶಪ್ಪ ಆ ತುಂಡನ್ನೇ ಗೂಡಿಗಿಟ್ಟರು. ಅವತ್ತು ವ್ಯಾಪಾರ ಭರ್ಜರಿ! ಮರುದಿನವೂ ಹಾಗೇ. ಇಂಥ ಬೋಣಿಯನ್ನು ಯಾರಾದರೂ ತೆಗೆಯುತ್ತಾರೆಯೆ? ಒಂಬತ್ತು ದಿನ ಅದು ಅಲ್ಲೇ ಕೂತಿತು. ಕಾಶಪ್ಪ ದಿನಾ ಅದನ್ನು ತೊಳೆದು, ಒರೆಸಿ, ಕುಂಕುಮ ಇಡುತ್ತಿದ್ದರು. ಹತ್ತನೆಯ ದಿನ ಬೆರಳು ಕೆಂಪೇರಿ ಬೊಬ್ಬೆ ಎದ್ದವು, ತಿಂದದ್ದೆಲ್ಲ ವಾಂತಿ. ಬಿಸಿ ಮುಟ್ಟದೆ ಕೈ ಸುಟ್ಟದ್ದು ಹೇಗೆ ಎಂದು ಒಬ್ಬ ಡಾಕ್ಟರು ಕೆದಕಿ ಕೇಳಿದ್ದಕ್ಕೆ ಗೂಡಿನ ತುಂಡಿನ ಗುಟ್ಟು ರಟ್ಟಾಯಿತು. ರಕ್ತ ನೋಡಿದರೆ ಬಿಳಿಕಣ ಅರ್ಧಕ್ಕೆ ಇಳಿದಿತ್ತು.

ಅಂಗಳದಲ್ಲಿ ಗಾಬರಿಯೋ ಗಾಬರಿ. ಒಬ್ಬ ಉಪ್ಪುನೀರು ಕುಡಿದ, ಇನ್ನೊಬ್ಬ ಮೈಗೆಲ್ಲ ಅರಿಶಿನ ಬಳಿದುಕೊಂಡ. ಅಧಿಕಾರಿಗಳು ಮೀಟರ್ ಹಿಡಿದು ಬಂದು ತುಂಡನ್ನು ಉದ್ದನೆಯ ಇಕ್ಕಳದಲ್ಲಿ ಎತ್ತಿ ಒಯ್ಯುವಾಗ ಎಲ್ಲರೂ ಓಡಿದರು. ರಖಮಾಬಾಯಿ ಮಾತ್ರ ಹಗ್ಗದಾಚೆ ನಿಂತು ಒಂದೇ ಸಮನೆ ಪ್ರಶ್ನೆ ಕೇಳಿದರು.

"ಕಣ್ಣಿಗಿ ಕಾಣಂಗಿಲ್ಲ, ವಾಸನಿ ಇಲ್ಲ, ನಿಮಗ ಹ್ಯಾಂಗ ಗೊತ್ತಾತ್ರಿ ಅಂದೆ. ಅದು ಹೋದ ಮ್ಯಾಲೂ ಅವರ ಮೀಟರ್ ಟಿಕ್ ಅಂತಿತ್ತು, ಯಾಕ ಅಂದೆ. ನೆಲದಾಗ, ಕಲ್ಲಾಗ, ಮ್ಯಾಲ ಆಕಾಶದಾಗ ಎಲ್ಲಾ ಕಡೆ ಒಂದೀಟ್ ಇದ್ದ ಇರ್ತದಂತ! ನನಗ ಅವತ್ತ ರಾತ್ರಿ ನಿದ್ದಿನ ಬರ್ಲಿಲ್ಲ."

ಮಾಲೀಕ ಸಾತಲಿಂಗಪ್ಪ ಮೀಟರ್ ತರಿಸಿದರು. ಮುಟ್ಟಲು ಗಂಡಸರಿಗೆ ಧೈರ್ಯ ಬರಲಿಲ್ಲ. ರಖಮಾಬಾಯಿ ಪೊರಕೆ ಇಟ್ಟು ಅದನ್ನು ಎತ್ತಿಕೊಂಡರು. ಎದೆಯ ಬಿಲ್ಲೆ ಅವರ ಮೈಗೆ ತಾಗಿದ ವಿಕಿರಣ ಎಷ್ಟು ಎಂದು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತದೆ. ಹೋದ ವರ್ಷ ಹಳೆಯ ಯಂತ್ರವೊಂದರ, ರೇಡಿಯಂ ಬಳಿದ ಹೊಳೆಯುವ ಮುಳ್ಳಿನ ಡಯಲ್ ಹಿಡಿದುಕೊಟ್ಟದ್ದು ಇವರೇ.

ಯಾರು ಸಿಕ್ಕರೂ ಪಾಠ ಶುರು. "ಮೂರ ಮಾತರಿ. ದೂರ ಸರಿ, ಲಗೂನ ಸರಿ, ನಡಬರಕ ಗ್ವಾಡಿ ಇರ್ಲಿ. ಅದು ಧೂಳಾಗಿ ಹಾರಿತಂದ್ರ ಮನಿಯೊಳಗ ಹೋಗಿ ಕಿಟಕಿ ಹಾಕ್ರಿ. ಮೂಗಿಗಿ ಬಟ್ಟಿ ಕಟ್ರಿ. ಮೈಮ್ಯಾಲಿನ ಅರಬಿ ಕಳದು ಚೀಲದಾಗ ಕಟ್ಟಿಡ್ರಿ, ಸಾಬೂನು ಹಚ್ಚಿ ಜಳಕ ಮಾಡ್ರಿ, ತಿಕ್ಕಿ ತಿಕ್ಕಿ ಚರ್ಮ ಸುಲೀಬ್ಯಾಡ್ರಿ. ತೆರದಿಟ್ಟ ನೀರು, ಊಟ ಮುಟ್ಟಬ್ಯಾಡ್ರಿ. ಅಯೋಡಿನ್ ಗುಳಗಿ ಗಂಟಲ ಗ್ರಂಥಿ ಒಂದ ಕಾಯ್ತದ, ಅದೂ ಕಿರಣ ಇರೋ ಅಯೋಡಿನ್ ಸೋರಿದ್ರಷ್ಟ. ಸರಕಾರದವರು ಹೇಳಿದ್ರ ತಗೋರಿ. ಉಪ್ಪು ತಿಂದ್ರ ಬಿಪಿ ಬರ್ತದ, ಮತ್ತೇನಿಲ್ಲ."

ಇಷ್ಟೆಲ್ಲ ಊರಿಗೆ ತಿಳಿಹೇಳುವ ಈ ಹೆಂಗಸಿಗೆ ತಡವಳದಲ್ಲಿ ಮಾತ್ರ ಮೊನ್ನೆಯವರೆಗೂ ಸೋಲು. ಕಾಶಪ್ಪನ ರಕ್ತ ಸರಿಹೋಯಿತು, ಬೆರಳು ಕಲೆ ಉಳಿಸಿಕೊಂಡು ಮಾಯಿತು. ಆದರೆ ಊರಿನ ಯಾವ ಕಾರ್ಯವಿದ್ದರೂ ಪಂಗತಿಯಲ್ಲಿ ಹುಗ್ಗಿ ಬಡಿಸುತ್ತಿದ್ದ ಆ ಕೈಯನ್ನು ಎರಡು ವರ್ಷ ಯಾರೂ ಕರೆಯಲಿಲ್ಲ. ಕಿರಣ ಅಂಟುತ್ತದೆಂಬ ಭಯ. "ಬಿಸಲಾಗ ನಿಂತಾಂವ ಸುಡ್ತಾನ ಖರೆ, ಅಂವ ಸೂರ್ಯ ಆಗ್ತಾನೇನ್ರಿ?" ಎಂದು ಕೇಳಿಕೇಳಿ ರಖಮಾಬಾಯಿ ದಣಿದರು. ಕಾಶಪ್ಪ ಜಗಳಕ್ಕೆ ಹೋಗಲಿಲ್ಲ. ಊಟದ ಹೊತ್ತಿಗೆ ಯಾರಾದರೂ ಏನಾದರೂ ಅನ್ನುವ ಮುಂಚೆಯೇ ಎದ್ದು ಹೊರಗೆ ಹೋಗುವುದನ್ನು ಕಲಿತರು. ಅದನ್ನು ನೋಡುವುದೇ ಹೆಂಡತಿಗೆ ಸಂಕಟ.

ಕಳೆದ ಭಾನುವಾರ ನೆರೆಮನೆಯ ಭೀಮಣ್ಣನ ಮಗುವಿಗೆ ತೊಟ್ಟಿಲ ಕಾರ್ಯ. ರಖಮಾಬಾಯಿ ಮಾಲೀಕರನ್ನು ಕೇಳಿ ಮೀಟರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಪಂಗತಿ ಕೂತಿತ್ತು, ಕಾಶಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ನಿಂದರ್ರಿ" ಎಂದು ಕೂಗಿ ಎಲ್ಲರೆದುರು ಪೆಟ್ಟಿಗೆ ಹೊರತೆಗೆದರು. ಗೋಡೆಗೆ ಹಿಡಿದರೆ 0.11. ಭೀಮಣ್ಣನ ಕೈಗೆ ಹಿಡಿದರೆ 0.12. ಗಂಡನ ಅಂಗೈಗೆ ಹಿಡಿದರು. 0.11.

ಭೀಮಣ್ಣನ ತಾಯಿ ಸುಮಿತ್ರಾಬಾಯಿ ತಟ್ಟೆ ಮುಂದೆ ತಳ್ಳಿದರು. "ಭೀಮ್ಯಾ, ನಿನಗ ಜಾಸ್ತಿ ಅದ, ನೀ ಸುಮ್ಮ ಕೂಡು. ಕಾಶಪ್ಪ, ಬಾರಪ್ಪ, ಹಸದೀನಿ."

ಒಂದಂಕಿ ಹಿಂದೆಮುಂದೆ ಆಗುವುದು ಮಾಮೂಲು ಎಂದು ರಖಮಾಬಾಯಿಗೆ ಗೊತ್ತು. ಆದರೂ ಪೆಟ್ಟಿಗೆಯನ್ನು ಬೇಗನೆ ಸೆರಗಿಗೆ ಸುತ್ತಿಕೊಂಡುಬಿಟ್ಟರು. ಕಾಶಪ್ಪ ಸೌಟು ಹಿಡಿದರು, ಮೊದಲ ತಟ್ಟೆಯಲ್ಲಿ ಹುಗ್ಗಿ ಅಂಚಿಗೆ ಚೆಲ್ಲಿತು. ಸುಮಿತ್ರಾಬಾಯಿ ಅದನ್ನೂ ಬೆರಳಲ್ಲಿ ಬಳಿದು ತಿಂದರು.

"ಮೂರು ಪಂಗತಿ ಎದ್ದವು ನೋಡ್ರಿ" ಎನ್ನುತ್ತಾರೆ ರಖಮಾಬಾಯಿ. "ಬ್ಯಾಡ ಅಂದಾವ್ರು ಒಬ್ಬರಿಲ್ಲ. ಕಡೀಕ ನನಗ ಹುಗ್ಗಿನ ಉಳೀಲಿಲ್ಲ. ನಮ್ಮವರು ತಳ ಕೆರದು ಒಂದು ತುತ್ತು ಹಾಕಿದ್ರು. ಸೀದಿತ್ತು. ನಾ ಇನ್ನಷ್ಟು ಬೇಕಂದೆ."